ಒಂಬತ್ತನೆಯ ಬಾಯಿ

ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತು

ನನ್ನ ಟೀಚರಮ್ಮನಿಗೆ,

ಅಕ್ಷರ ನೋಡಿ ಸಿಟ್ಟಾಗಬೇಡ, ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಕೆಂಪು ಪೆನ್ನು ಆಮೇಲೆ ಹಿಡಿಯುವೆಯಂತೆ, ಮೊದಲು ಪೂರ್ತಿ ಓದು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀನು ನಿಮ್ಮಣ್ಣನ ಮನೆಗೆ ಹೋಗಿ ಎಂಟು ತಿಂಗಳಾಯಿತು. ನಾಲ್ಕು ಸಲ ನೀನೇ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಇವನಿಗೆ ಇನ್ನೂ ಜಂಬ ಇಳಿದಿಲ್ಲ ಅಂದುಕೊಂಡಿರುತ್ತೀಯ. ಜಂಬ ಹೌದು, ಆದರೆ ನೀನು ಅಂದುಕೊಂಡ ಜಂಬ ಅಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಕಿವಿ ಹೋಗಿದೆ. ಎಡಗಿವಿ ಹೋಗಿ ಮೂರು ವರ್ಷ, ಬಲಗಿವಿ ಹೋಗಿ ಒಂದು ವರ್ಷ. ಈಗ ಲಾರಿಯವನು ಬೆನ್ನ ಹಿಂದೆಯೇ ಹಾರ್ನ್ ಹೊಡೆದರೂ ಗೊತ್ತಾಗುವುದಿಲ್ಲ. ಜಾಣಗಿವುಡು, ಜಾಣಗಿವುಡು ಅಂತ ನೂರು ಸಲ ಬೈದೆಯಲ್ಲ, ಅದರಲ್ಲಿ ಜಾಣತನ ಒಂದು ಚೂರೂ ಇರಲಿಲ್ಲ ಕಣೆ. ಇಷ್ಟು ದಿನ ಮುಚ್ಚಿಟ್ಟವನು ಈಗೇಕೆ ಹೇಳುತ್ತಿದ್ದಾನೆ ಅಂದರೆ, ನನಗೆ ಹೆದರಿಕೆಯಾಗಿದೆ. ಒಂದೇ ಒಂದು ಧ್ವನಿ ಕೇಳಿಸುತ್ತಿದೆ, ಅದು ಯಾರಿಗೂ ಕೇಳಿಸಬಾರದ ಧ್ವನಿ. ನೀನು ಬಂದು ನನ್ನನ್ನು ಇಲ್ಲಿಂದ ಎಬ್ಬಿಸಿಕೊಂಡು ಹೋಗದಿದ್ದರೆ ನಾನು ಈ ವಾರ ದಾಟುತ್ತೇನೆ ಅನ್ನುವ ಧೈರ್ಯ ನನಗಿಲ್ಲ.

ಇಪ್ಪತ್ತು ದಿನದ ಹಿಂದೆ ಶೆಡ್ಡಿಗೆ ಒಂದು ಕಾರು ಬಂತು. ಇಟಲಿಯದು. ಎರಡೇ ಬಾಗಿಲು, ಉದ್ದನೆಯ ಮೂತಿ, ಬೂದು ಬಣ್ಣ, ಮರದ ಸ್ಟೀರಿಂಗು. ಬೆಳಿಗ್ಗೆ ಒಂದು ದೇಶದಲ್ಲಿ ತಿಂಡಿ ತಿಂದು ಸಂಜೆಗೆ ಇನ್ನೊಂದು ದೇಶದಲ್ಲಿ ಊಟ ಮಾಡಲಿ ಅಂತ ಸಾಹುಕಾರರಿಗಾಗಿ ಮಾಡಿದ ಗಾಡಿ. ಅಂಥವು ಲೋಕದಲ್ಲಿ ಮೂವತ್ತೊಂದೇ ತಯಾರಾದದ್ದಂತೆ. ಹಳೇ ಕಾರಿನ ಹುಚ್ಚಿರುವ ಒಬ್ಬ ಡಾಕ್ಟರು ಹರಾಜಿನಲ್ಲಿ ಹಿಡಿದು ತಂದು, ಈ ಶುಕ್ರವಾರದ ಪ್ರದರ್ಶನಕ್ಕೆ ಸಿದ್ಧವಾಗಬೇಕು ಅಂತ ನನ್ನ ಹತ್ತಿರ ಬಿಟ್ಟರು. ಇದರ ಹಿಂದಿನ ಒಡತಿ ಯಾರು ಗೊತ್ತೇನು? ನೀನು ಬಟ್ಟೆ ಒಣಹಾಕುವಾಗ ಗುನುಗುತ್ತಿದ್ದೆಯಲ್ಲ, ಆ ಹಾಡು ಹಾಡಿದಾಕೆ. ರೇಡಿಯೋದವರು ಬೆಳ್ಳಿಕಂಠ ಬೆಳ್ಳಿಕಂಠ ಅಂತ ಹೊಗಳುತ್ತಿದ್ದರಲ್ಲ, ಅವರೇ. ನಲವತ್ತೆರಡನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಹಾಡುವುದು ನಿಲ್ಲಿಸಿದರು, ಮರುವರ್ಷ ತೀರಿಹೋದರು. ಇದೇ ಕಾರಿನೊಳಗೆ, ತಮ್ಮ ಮನೆಯ ಗ್ಯಾರೇಜಿನಲ್ಲಿ, ಬಾಗಿಲು ಹಾಕಿತ್ತು, ಇಂಜಿನ್ ಓಡುತ್ತಿತ್ತು, ಒಳಗೆಲ್ಲ ಹೊಗೆ. ಪೇಪರಿನವರು ಆಕಸ್ಮಿಕ ಅಂತ ಬರೆದು ಮುಗಿಸಿದರು.

ಇನ್ನು ನನ್ನ ಕೆಲಸದ ವಿಷಯ. ಈ ಇಂಜಿನ್ನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರು ಆರು, ಒಂದೊಂದಕ್ಕೆ ಎರಡೆರಡು ಬಾಯಿ, ಒಟ್ಟು ಹನ್ನೆರಡು. ಹನ್ನೆರಡೂ ಒಂದೇ ಸಮ ಗಾಳಿ ಎಳೆದರೇ ಗಾಡಿ ಸರಿ. ಅದನ್ನು ನೋಡುವುದು ಹೇಗೆಂದು ನಿನಗೆ ಗೊತ್ತೇ ಇದೆ, ಮೊಳದುದ್ದದ ರಬ್ಬರ್ ನಳಿಕೆ, ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಆ ಬಾಯಿಯ ಹತ್ತಿರ. ಸುಯ್ ಅನ್ನುವ ಸದ್ದು ಎಲ್ಲ ಕಡೆ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಊರೆಲ್ಲ ನನ್ನನ್ನು ಕಿವಿ ಮೇಸ್ತ್ರಿ ಅಂತ ಕರೆಯುವುದು ಇದಕ್ಕೇ. ಒಂದು ವರ್ಷದಿಂದ ಮೇಸ್ತ್ರಿ ಮಾತ್ರ ಉಳಿದಿದ್ದ. ಗಿರಾಕಿಗಳ ಮುಂದೆ ನಳಿಕೆ ಕಿವಿಗಿಟ್ಟುಕೊಂಡು ತಲೆಯಾಡಿಸುತ್ತಿದ್ದೆ, ಅವರು ಹೋದ ಮೇಲೆ ಇಂಜಿನ್ನಿನ ಮೇಲೆ ನೀರಿನ ಲೋಟ ಇಟ್ಟು, ನೀರು ಎಷ್ಟು ನಡುಗುತ್ತದೆ ನೋಡಿ ಕೆಲಸ ಮಾಡುತ್ತಿದ್ದೆ. ನಗಬೇಡ, ಅದರಲ್ಲೂ ಪಳಗಿದ್ದೆ.

ಈ ಕಾರಿಗೂ ಹಾಗೇ ಮಾಡುತ್ತಿದ್ದೆ. ಡಾಕ್ಟರು ಎದುರಿಗೆ ನಿಂತಿದ್ದರು, ನಾನು ನಾಟಕಕ್ಕೆ ನಳಿಕೆ ಹಿಡಿದು ಒಂದೊಂದೇ ಬಾಯಿ ದಾಟುತ್ತಾ ಬಂದೆ. ಎಂಟರವರೆಗೆ ಏನೂ ಇಲ್ಲ. ಒಂಬತ್ತನೆಯದರಲ್ಲಿ ಕೇಳಿಸಿತು. ಗಾಳಿಯ ಸದ್ದಲ್ಲ ಕಣೆ. ಹಾಡುವವರು ಹಾಡು ಎತ್ತಿಕೊಳ್ಳುವ ಮೊದಲು ಎದೆ ತುಂಬ ಉಸಿರೆಳೆದುಕೊಳ್ಳುತ್ತಾರಲ್ಲ, ಅದು. ಆಮೇಲೆ ಹಾಡು ಬರಲಿಲ್ಲ, ಮತ್ತೆ ಅದೇ ಉಸಿರು. ನಳಿಕೆ ನನ್ನ ಕೈ ಜಾರಿ ಬಿತ್ತು. ಡಾಕ್ಟರು ಏನೋ ಕೇಳಿದರು, ನಾನು ಹೂಂ ಅಂದೆ.

ನಿಜ ಹೇಳಲೇ? ಭಯವಾಗಬೇಕಿತ್ತು, ನನಗೆ ಖುಷಿಯಾಯಿತು. ಒಂದು ವರ್ಷ ಏನೂ ಕೇಳದೆ ಇದ್ದವನಿಗೆ ಮನುಷ್ಯರ ಉಸಿರು ಕೇಳಿದರೆ ಹೇಗಿರುತ್ತದೆ ಅನ್ನುವುದು ನಿನಗೆ ತಿಳಿಯದು. ಅವತ್ತು ಶೆಡ್ಡಿನ ಮೂಲೆಯಲ್ಲಿ ಕೂತು ಅತ್ತೆ. ಎರಡನೆಯ ದಿನ ಗುನುಗು ಬಂತು, ನಾಲ್ಕನೆಯ ದಿನ ಹಾಡು, ಅದೇ ಬೆಳ್ಳಿಕಂಠ. ಆ ಸ್ಕ್ರೂ ಸರಿಯಾಗಿ ಕೂತರೆ ಧ್ವನಿ ನಿಂತುಹೋಗುತ್ತದೆ, ಕಾಲು ಸುತ್ತು ಸಡಿಲಿಸಿದರೆ ಮತ್ತೆ ಬರುತ್ತದೆ. ಗಾಡಿ ಸಿದ್ಧವಾಗಿ ಹತ್ತು ದಿನವಾಯಿತು. ದಿನವೂ ನಾನೇ ಕೆಡಿಸುತ್ತಿದ್ದೇನೆ. ಇಂಥ ಅಡ್ಡಕಸುಬಿ ಕೆಲಸ ನಾನು ಮಾಡುತ್ತೇನೆ ಅಂದರೆ ನೀನು ನಂಬುತ್ತಿದ್ದೆಯಾ?

ಶನಿವಾರ ಒಬ್ಬ ಅಜ್ಜಿ ಬಂದರು. ಆ ಗಾಯಕಿಗೆ ಬಟ್ಟೆ ಹೊಲಿಯುತ್ತಿದ್ದವರಂತೆ, ಕಾರು ಇಲ್ಲಿದೆ ಅಂತ ಯಾರೋ ಹೇಳಿದ್ದಕ್ಕೆ ಒಂದು ಸಲ ಮುಟ್ಟಿ ಹೋಗಲು ಬಂದಿದ್ದರು. ಅವರ ಮಾತನ್ನು ಅರ್ಧ ತುಟಿ ನೋಡಿ, ಅರ್ಧ ಊಹೆಯಿಂದ ತಿಳಿದುಕೊಂಡೆ. ಗಾಯಕಿಗೆ ಕೊನೆಯ ಎರಡು ವರ್ಷ ಕಿವಿಯೇ ಕೇಳುತ್ತಿರಲಿಲ್ಲವಂತೆ. ಶ್ರುತಿ ತಪ್ಪುತ್ತದೆ ಅಂತ ಹಾಡು ಬಿಟ್ಟರಂತೆ, ಯಾಕೆಂದು ಲೋಕಕ್ಕೆ ಹೇಳಲಿಲ್ಲ. ಈ ಕಾರಿನೊಳಗೆ ಕೂತು ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡರೆ ಮಾತ್ರ ಏನೋ ಕೇಳಿಸುತ್ತದೆ, ಯಾರೋ ಹಾಡುತ್ತಾರೆ ಅನ್ನುತ್ತಿದ್ದರಂತೆ. ಯಾರು ಅಂತ ಅಜ್ಜಿ ಕೇಳಿದ್ದಕ್ಕೆ, ನನಗಿಂತ ಮುಂಚೆ ಇಲ್ಲಿ ಕೂತಿದ್ದವರು ಅಂದಿದ್ದರಂತೆ. ಹೊರಡುವಾಗ ಅಜ್ಜಿ ನನ್ನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಅವಳೂ ಹೀಗೇ ನನ್ನ ಬಾಯನ್ನೇ ನೋಡುತ್ತಿದ್ದಳು, ನಿನಗೂ ಕಿವಿ ಕೇಳುವುದಿಲ್ಲ ಅಲ್ಲವೇನಪ್ಪಾ ಅಂದರು.

ಈಗ ನಿನಗೆ ಹೇಳಲೇಬೇಕಾದ ಮಾತು. ನೀನು ಬಚ್ಚಲಲ್ಲಿ ಜಾರಿ ಬಿದ್ದ ದಿನ. ಬೆಳಿಗ್ಗೆ ಜಗಳವಾಡಿದ್ದೆವು, ಯಾವುದಕ್ಕೆಂದು ಈಗ ನೆನಪೂ ಇಲ್ಲ. ಮಣಿಕಟ್ಟು ಮುರಿದುಕೊಂಡು ಮುಕ್ಕಾಲು ಗಂಟೆ ನನ್ನನ್ನು ಕೂಗಿದೆ. ನಾನು ಹತ್ತು ಹೆಜ್ಜೆ ಆಚೆ ಪೇಪರ್ ಓದುತ್ತಾ ಕೂತಿದ್ದೆ. ನೀನು ತೆವಳಿಕೊಂಡು ಬಂದು, ಕೇಳಿಸಲಿಲ್ಲವಾ ಅಂತ ಕೇಳಿದೆ. ನಿನ್ನ ತುಟಿಯಲ್ಲಿ ಆ ಪ್ರಶ್ನೆ ಓದಿದೆ. ನಾನು ಕೇಳಿಸಿತು ಅಂದೆ. ಕೇಳಿಸಿಲ್ಲ ಅಂದಿದ್ದರೆ ಕಿವಿ ಮೇಸ್ತ್ರಿಯ ಹೆಸರು ಮಣ್ಣುಪಾಲಾಗುತ್ತಿತ್ತು. ಹೆಂಡತಿ ನರಳುವುದನ್ನು ಕೇಳಿಯೂ ಏಳದ ಕಟುಕ ಅನ್ನಿಸಿಕೊಂಡೆ, ಕಿವುಡ ಅನ್ನಿಸಿಕೊಳ್ಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಗುತ್ತಿದ್ದೆಯಲ್ಲ, ಆ ಜುಟ್ಟಿನವನು ನಾನೇ. ತಪ್ಪಾಯಿತು. ಈ ಮಾತನ್ನು ಎಂಟು ತಿಂಗಳ ಹಿಂದೆಯೇ ಹೇಳಬೇಕಿತ್ತು.

ನಿನ್ನೆ ಮಧ್ಯಾಹ್ನ ನಡೆದದ್ದು ಕೇಳು. ಊಟ ಮಾಡಿ ಬಂದು ನಳಿಕೆ ಕಿವಿಗಿಟ್ಟೆ. ಹಾಡು ಅರ್ಧಕ್ಕೆ ನಿಂತಿತು, ಮಾತು ಬಂತು, ಮೊದಲ ಸಲ. ಬಾಗಿಲು ಹಾಕಿಬಿಡಿ, ಹೊರಗಿನ ಸದ್ದು ಬರುತ್ತಿದೆ ಅಂದರು ಆಕೆ. ಮಗುವನ್ನು ಮಲಗಿಸುವವರ ದನಿ. ನನಗೆಲ್ಲಿಯ ಹೊರಗಿನ ಸದ್ದು? ಅಷ್ಟು ಯೋಚಿಸಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ರಸ್ತೆಯ ಮೇಲೆ ಬಿದ್ದಿದ್ದೆ, ತಲೆ ಸಿಡಿಯುತ್ತಿತ್ತು, ಪಕ್ಕದ ಟೈರ್ ಅಂಗಡಿಯವನು ಮುಖಕ್ಕೆ ನೀರು ಚಿಮುಕಿಸುತ್ತಿದ್ದ. ಶಟರ್ ಕೆಳಗಿನಿಂದ ಹೊಗೆ ಬರುವುದನ್ನು ನೋಡಿ ಕಬ್ಬಿಣದ ಸಬ್ಬಲು ಹಾಕಿ ಅದನ್ನು ಎತ್ತಿದನಂತೆ. ನಾನು ಡ್ರೈವರ್ ಸೀಟಿನಲ್ಲಿ ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಕೂತಿದ್ದೆನಂತೆ. ಆ ಶಟರು ತುಕ್ಕು ಹಿಡಿದು ಎರಡು ವರ್ಷದಿಂದ ಇಳಿದೇ ಇಲ್ಲ, ನಿನಗೂ ಗೊತ್ತು. ಯಾರು ಇಳಿಸಿದರು ಅಂತ ಅವನನ್ನು ಕೇಳಿದೆ. ಅವನು ನನ್ನ ಕೈ ತೋರಿಸಿದ. ಎರಡೂ ಅಂಗೈ ತುಂಬ ತುಕ್ಕು, ಉಗುರಲ್ಲಿ ರಕ್ತ.

ಆಸ್ಪತ್ರೆಗೆ ಹೋಗಿ ಬಂದೆ, ಗಾಬರಿಯಾಗಬೇಡ. ಮನೆಯಲ್ಲಿ ಮಲಗಿದ್ದೆ, ಬೆಳಿಗ್ಗೆ ಎದ್ದ ಕೂಡಲೇ ಕಾಲು ತಾನಾಗಿ ಮತ್ತೆ ಇತ್ತ ಬಂತು. ಅದಕ್ಕೇ ಒಳಗೆ ಹೋಗದೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಾರಿನ ಕೀಲಿ ಈ ಲಕೋಟೆಯಲ್ಲೇ ಇದೆ, ಡಾಕ್ಟರಿಗೆ ನೀನೇ ಕೊಟ್ಟುಬಿಡು. ಆದರೆ ಕೀಲಿ ನಿನ್ನ ಹತ್ತಿರ ಇದೆ ಅಂತ ನಿಶ್ಚಿಂತೆಯಾಗಿ ಕೂರಬೇಡ. ಆ ಕಾಲದ ಗಾಡಿಯನ್ನು ಕೀಲಿಯಿಲ್ಲದೆ ಚಾಲೂ ಮಾಡುವುದು ನನ್ನಂಥವನಿಗೆ ನೀರು ಕುಡಿದಷ್ಟು ಸುಲಭ. ನನ್ನನ್ನು ನಾನೇ ನಂಬುತ್ತಿಲ್ಲ. ಟೈರ್ ಅಂಗಡಿಯವನು ಈ ಕಾಗದ ಹಿಡಿದು ಈಗಲೇ ಹೊರಡುತ್ತಿದ್ದಾನೆ, ಅವನ ಗಾಡಿಯಲ್ಲೇ ಕೂತು ಬಾ. ಆಮೇಲೆ ಎಷ್ಟು ಬೇಕಾದರೂ ಬಯ್ಯಿ. ನನಗೆ ಕೇಳಿಸುವುದಿಲ್ಲ, ಆದರೂ ಎದುರು ಕೂತು ಪೂರ್ತಿ ನೋಡುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ಮೇಸ್ತ್ರಿ

ಬರೆಯಲೋ ಬೇಡವೋ ಅಂತ ಬಿಟ್ಟಿದ್ದ ಇನ್ನೊಂದು ಮಾತು: ಬಂದಾಗ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಡಬೇಡ, ಎದುರಿನಿಂದಲೇ ಬಾ, ಮುಖ ಕಾಣುವ ಹಾಗೆ. ಐದು ದಿನದಿಂದ ಹಿಂದಿನಿಂದ ಯಾರೋ ಹಾಗೆ ಕೈ ಇಡುತ್ತಿದ್ದಾರೆ. ಮೊದಮೊದಲು ಬೆಚ್ಚಿ ತಿರುಗಿ ನೋಡುತ್ತಿದ್ದೆ. ಇದನ್ನು ಬರೆಯುವಾಗಲೂ ಇಟ್ಟರು, ತಿರುಗಲಿಲ್ಲ. ನನಗೆ ಅಭ್ಯಾಸವಾಗಿಹೋಗಿದೆ. ನೀನು ಹಾಗೆ ಬಂದರೆ, ನೀನು ಅಂತ ನನಗೆ ಗೊತ್ತಾಗುವುದಿಲ್ಲ.