ಬಾಟಲಿಯೊಳಗಿನ ಉಳ್ಳಾಗಡ್ಡಿ

ಮ್ಹೈಸಾಳ

ಮಿರಜದ ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ನಮ್ಮವರು ತೀರಿಕೊಂಡಾಗ, ನಾನೇ ಊಟದಲ್ಲಿ ವಿಷ ಹಾಕಿದೆನೆಂದು ಅತ್ತೆ ಪೊಲೀಸರಿಗೆ ಹೇಳಿದ್ದರು. ನೀವು ಪೋಸ್ಟ್‌ಮಾರ್ಟಮ್ ಮಾಡಿ ಬಾಟಲಿಯಲ್ಲಿ ತಪಾಸಣೆಗೆ ಕಳಿಸಿದ ಅವರ ಹೊಟ್ಟೆಯಲ್ಲಿ ವಿಷವಿರಲಿಲ್ಲವೆಂದು ರಿಪೋರ್ಟ್ ಬಂತು. ಆದರೆ ಉಳ್ಳಾಗಡ್ಡಿ ಭಜಿಯ ಚೂರುಗಳಿದ್ದವಂತೆ. ನಾವು ಜೈನರು, ಉಳ್ಳಾಗಡ್ಡಿ ನಮ್ಮ ಹೊಸ್ತಿಲು ದಾಟಿಲ್ಲ.

“ನನ್ನ ಮಗಾ ಅದನ್ನ ಮುಟ್ಟಾಂವಲ್ಲ. ಬಾಟಲಿ ಅದಲಬದಲ ಆಗ್ಯಾವ, ನೋಡ್ರಿ!” ಎನ್ನುತ್ತಾರೆ ಅತ್ತೆ.

ಅವರ ಮಾತು ನಿಜವಾದರೆ ನನ್ನ ಮೇಲಿನ ಗುಮಾನಿ ತಿರುಗಿ ಬರುತ್ತದೆ. ಸುಳ್ಳಾದರೆ, ಮಿರಜ ಬಸ್ ಸ್ಟ್ಯಾಂಡಿನಲ್ಲಿ ಕದ್ದುಮುಚ್ಚಿ ಭಜಿ ತಿನ್ನುವ ಮನುಷ್ಯನಿಗೆ ಇಷ್ಟು ವರ್ಷ ಸಪ್ಪೆ ಪಲ್ಯ ಬಡಿಸಿದ್ದೇನೆ. ದೇವರಲ್ಲಿ ಯಾವುದನ್ನು ಬೇಡಿಕೊಳ್ಳಲಿ, ತಿಳಿಯದಾಗಿದೆ.

ಬಾಟಲಿ ಅವರದೇ ಹೌದೋ ಅಲ್ಲವೋ ನೋಡಿ ತಿಳಿಸಿ. ಅವರದೇ ಆಗಿದ್ದರೆ, ಹೊಟ್ಟೆ ತುಂಬ ತಿಂದಿದ್ದರೇ ಎಂಬುದನ್ನೂ ಒಂದು ಸಾಲು ಬರೆಯಿರಿ.

ಶಾಂತಿನಾಥರ ಮನೆಯವಳು,
ಜಿನಮತಿ