ಒಂದೇ ಒಂದು ಮರೆವು

ಇನರಾಹನ್, ಗುವಾಮ್

ಗ್ರೆಗೊರಿಯೊ,

ನಿನ್ನ ಹೆಸರಿನ ಹಿಂದೆ ಚಿರಂಜೀವಿ ಅಂತ ಬರೆದಿಲ್ಲ. ಅದು ಕೈತಪ್ಪಲ್ಲ.

ತೀರಿಕೊಂಡ ನಿನ್ನಪ್ಪನಿಗೆ ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆ ನಡೆಸಿಕೊಡಬೇಕೆಂದು ಹೇಳಿ ಕಳಿಸಿದ್ದೀಯ. ಬರುತ್ತೇನೆ. ನೀನು ಮಾಡಿದ ಪಾಪಕ್ಕೆ ನನ್ನಣ್ಣ ಯಾಕೆ ಪ್ರಾರ್ಥನೆಯಿಲ್ಲದೆ ಹೋಗಬೇಕು? ಕಾರು ಕಳಿಸು. ಊರವರಿಗೆಲ್ಲ ಕಾಣುವ ಹಾಗೆ ಅಂಗಳದ ನಡುವೆ ನನಗೊಂದು ಕುರ್ಚಿ ಹಾಕಿಸು.

ಪುಸ್ತಕ ಬೇಡ. ಅಷ್ಟೂ ಪ್ರಾರ್ಥನೆ ನನಗೆ ಬಾಯಿಪಾಠ. ನನ್ನ ಮನೆ ಜಾಗವನ್ನು ಹೋಟೆಲಿನವರಿಗೆ ಮಾರಲು ಕೋರ್ಟಿನಲ್ಲಿ ಅಂದೆಯಲ್ಲ, "ನಮ್ಮತ್ತೆಗೆ ಮರೆವು ಸ್ವಾಮಿ, ತನ್ ಹೆಸರೂ ನೆನಪಿರಲ್ಲ" ಅಂತ? ಅದನ್ನು ನಂಬಿದವರೂ ಬಂದು ಕೇಳಲಿ.

ಸ್ಪೇನಿನವರು ಬಿಟ್ಟುಹೋದ 'ದಿಯೊಸ್' ನಮಗೆ ಬರೀ ದೇವರಲ್ಲ. ಬೀಳ್ಕೊಡುವಾಗ, ಉಪಕಾರ ನೆನೆಯುವಾಗ, ಹರಸುವಾಗ, ನಮ್ಮ ನಾಲಗೆಗೆ ಬರುವುದು ಅದೇ. ಚಿಕ್ಕವನಿದ್ದಾಗ "ಅತ್ತೇ, ಎಲ್ಲೇ ನಿನ್ ಕೈ?" ಎಂದು ಓಡಿ ಬಂದು, ಹಿರಿಯರಿಗೆ ನಾವೆಲ್ಲ ಮಾಡುವ ಹಾಗೆ, ನನ್ನ ಕೈಯನ್ನು ಮೂಗಿಗೊತ್ತಿಕೊಳ್ಳುತ್ತಿದ್ದೆ. "ದಿಯೊಸ್ತೆ ಅಯೂದಿ, ದೇವರು ಕಾಯಲಿ ಮಗನೇ" ಎಂದು ಹರಸದೆ ನಿನ್ನನ್ನು ಒಂದು ದಿನವೂ ಕಳಿಸಿದವಳಲ್ಲ ನಾನು.

ಈ ಸಲ ಮೇಯರ್ ಚುನಾವಣೆಗೆ ನಿಂತಿದ್ದೀಯಂತೆ. ಹಾಗಾದರೆ ಪ್ರಾರ್ಥನೆಯ ಕೊನೆಯ ದಿನ ಎಲ್ಲರೆದುರು ನನ್ನ ಕೈಗೆ ಬಗ್ಗಲೇಬೇಕು. ಕೈ ಚಾಚುತ್ತೇನೆ. ನೀನು ಬಗ್ಗಿಕೊಂಡೇ ಕಾಯುತ್ತಿರು, ಊರೂ ಕಾಯಲಿ. ಆ ಒಂದು ಮಾತು ಮಾತ್ರ ನನಗೆ ನೆನಪಾಗುವುದಿಲ್ಲ.

ಏನು ಮಾಡಲಿ, ಮರೆವು. ಕೋರ್ಟೇ ಒಪ್ಪಿದೆಯಲ್ಲ.

ಇಂತಿ,
ನಿನ್ನಪ್ಪನ ತಂಗಿ
ಎಂಗ್ರಾಸಿಯಾ