ಗೆಲ್ಲಿಸಿದ ಟೋಪಿ

ಟೊಪೀಕಾ, ಶುಕ್ರವಾರ, 1938

ಅಪ್ಪಾ,

ಚರ್ಚಾಸ್ಪರ್ಧೆಯ ಮೊದಲ ಸುತ್ತು ಗೆದ್ದೆ. ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಿದರೆ ಅಮೆರಿಕದವರ ಸ್ವಾತಂತ್ರ್ಯ ಉಳಿಯುತ್ತಾ ಅನ್ನೋದು ವಿಷಯ. ನಾಣ್ಯ ಚಿಮ್ಮಿದಾಗ "ಉಳಿಯಲ್ಲ" ಅನ್ನೋ ಪಕ್ಷ ನನಗೆ ಬಂತು. ಮಾತಿನ ಭರದಲ್ಲಿ ನಿನ್ನ ಕಥೆ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ವ್ಯಾಪಾರ ಬಿದ್ದು ಅಂಗಡಿ ಮುಚ್ಚಿ, ನಿರುದ್ಯೋಗಿಗಳಿಗೆ ಅಂತ ಸರ್ಕಾರ ಕೊಟ್ಟ ಕೂಲಿಗೆ ಗುದ್ದಲಿ ಹಿಡಿದವನು, ರಸ್ತೆ ಅಗೆಯುವಾಗ ಗುರುತಿನವರು ಕಂಡರೆ ಟೋಪಿ ಕಣ್ಣಿಗೆ ಎಳ್ಕೋತಾನೆ ಅಂದೆ. ಸಭೆಯೆಲ್ಲ ನಕ್ಕಿತು. "ಆ ಟೋಪಿಯೇ ನಿನ್ನನ್ನ ಗೆಲ್ಲಿಸಿದ್ದು ಕಣಮ್ಮ," ಅಂದರು ತೀರ್ಪುಗಾರರು. ಚಪ್ಪಾಳೆ ಮುಗಿಯೋ ಮೊದಲೇ ವೇದಿಕೆ ಇಳಿದು ಬಂದೆ.

ನೆಗಡಿ ವಾಸಿ, ಹೊಸ ಬೂಟು ಕಚ್ಚುತ್ತೆ.

ನಾಳೆ ಪಕ್ಷ ಅದಲುಬದಲು. ಸರ್ಕಾರ ಕೊಟ್ಟ ಕೆಲಸದಿಂದ ಮನುಷ್ಯ ಉಳೀತಾನೆ ಅಂತ ವಾದಿಸಬೇಕು. ಅದಕ್ಕೂ ನನಗೆ ಗೊತ್ತಿರೋದು ನಿನ್ನ ಕಥೆಯೊಂದೇ. ಹೇಳಲ್ಲಪ್ಪ. ಸೋತೇ ಬರ್ತೀನಿ.

ವರ್ನಾ